ಸಂಜೆಯ ಆರತಕ್ಷತೆ, ಬೆಳಗಿನ ಧಾರೆ: ತಂಗಿಯ ಮದುವೆಗೆ ಮಂಟಪ ಸಿದ್ಧಪಡಿಸಿದ ಬಗೆ

ಮಂಡ್ಯ, ಮೈಸೂರು ಸೀಮೆಯ ಮದುವೆಗಳಲ್ಲಿ ಆರತಕ್ಷತೆಯು ಸಾಮಾನ್ಯವಾಗಿ ಮುಹೂರ್ತದ ಹಿಂದಿನ ದಿನ ಸಂಜೆಯೇ ನಡೆಯುತ್ತದೆ. ಧಾರೆಯಾದ ಮೇಲೆ ಆರತಕ್ಷತೆ ಇಟ್ಟುಕೊಳ್ಳುವ ಊರುಗಳವರಿಗೆ ಇದು ಹೊಸತಾಗಿ ಕಾಣಬಹುದಾದರೂ ನಮ್ಮಲ್ಲಿ ಇದಕ್ಕೊಂದು ಲೆಕ್ಕವಿದೆ. ಕಚೇರಿ, ಅಂಗಡಿ ಮುಗಿಸಿಕೊಂಡು ಪೇಟೆಯವರು ಸಂಜೆಗೆ ಬರುತ್ತಾರೆ, ಊರಿನವರು ಬಸ್ಸು ಮಾಡಿಕೊಂಡು ಬೆಳಗಿನ ಧಾರೆಗೆ ಬರುತ್ತಾರೆ, ಛತ್ರದ ಬಾಡಿಗೆಯೂ ಒಂದು ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗೆ ಎಂದೇ ಇರುತ್ತದೆ. ಆದರೆ ಅಲಂಕಾರದ ಹೊಣೆ ಹೊತ್ತವರಿಗೆ ಈ ಕ್ರಮವೇ ದೊಡ್ಡ ತೊಡಕು. ರಾತ್ರಿ ಹತ್ತರವರೆಗೆ ಸೋಫಾ, ದೀಪ, ಕ್ಯಾಮೆರಾಗಳಿಂದ ತುಂಬಿದ್ದ ವೇದಿಕೆಯು ಬೆಳಗಿನ ಜಾವದ ಹೊತ್ತಿಗೆ ಕಳಶ, ಹಸೆಮಣೆ, ಹೋಮಕುಂಡಗಳ ಮಂಟಪವಾಗಿ ಬದಲಾಗಿರಬೇಕು. ಕಳೆದ ಮಾಘ ಮಾಸದಲ್ಲಿ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ನನ್ನ ತಂಗಿಯ ಮದುವೆಯಲ್ಲಿ ಅಲಂಕಾರ, ತಾಂಬೂಲ ಮತ್ತು ಸಂಜೆಯ ಕಾರ್ಯಕ್ರಮದ ಜವಾಬ್ದಾರಿಯನ್ನು ಅಪ್ಪ ನನಗೆ ಒಪ್ಪಿಸಿದಾಗ ನಾನು ಮೊದಲು ಯೋಚಿಸಿದ್ದು ಈ ಒಂದು ರಾತ್ರಿಯ ಬಗ್ಗೆಯೇ.

ತಂಗಿಗೆ ಮೊದಲಿನಿಂದಲೂ ಕುವೆಂಪು ಅವರ ಮಂತ್ರ ಮಾಂಗಲ್ಯದ ಸರಳ ಪದ್ಧತಿಯ ಮೇಲೆ ಒಲವಿತ್ತು. ಎರಡೂ ಮನೆಯ ಹಿರಿಯರು ಶಾಸ್ತ್ರ ಬಿಡಲು ಒಪ್ಪದಿದ್ದುದರಿಂದ ಅದು ಕೈಗೂಡಲಿಲ್ಲ. ಆದರೂ ಅವಳ ಮಾತು ನಮ್ಮ ಯೋಜನೆಯಲ್ಲಿ ಕೊನೆಯವರೆಗೂ ಉಳಿಯಿತು: ಖರ್ಚು ಮಾಡುವುದಾದರೆ ಬಂದವರಿಗೆ ತಲುಪುವ ಹಾಗೆ ಮಾಡಿ, ಫೋಟೊದಲ್ಲಿ ಮಾತ್ರ ಕಾಣುವುದಕ್ಕೆ ಬೇಡ ಎಂದು ಅವಳು ಹೇಳಿದ್ದಳು. ನಾನು ಪ್ರತಿಯೊಂದು ಬಾಬತ್ತನ್ನೂ ಈ ಮಾತಿಗೇ ಒರೆ ಹಚ್ಚಿ ನೋಡಿದೆ.

ಛತ್ರ ಗೊತ್ತುಮಾಡುವಾಗ ಬಾಡಿಗೆಯನ್ನು ಮಾತ್ರ ಕೇಳಿ ಅಡ್ವಾನ್ಸ್ ಕೊಡುವುದು ವಾಡಿಕೆ. ಅಲಂಕಾರದ ದೃಷ್ಟಿಯಿಂದ ಕೇಳಲೇಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಹೊರಗಿನ ಡೆಕೊರೇಶನ್‌ನವರನ್ನು ಒಳಗೆ ಬಿಡುತ್ತಾರೆಯೇ, ಅಥವಾ ಅವರು ಗೊತ್ತುಮಾಡಿದವರಿಗೇ ಕೊಡಬೇಕೆ? ವಿದ್ಯುತ್ತಿಗೆ ಮೀಟರ್ ನೋಡಿ ಹಣ ಪಡೆಯುತ್ತಾರೆಯೇ? ಜನರೇಟರ್ ಡೀಸೆಲ್ ಯಾರದು? ಗೋಡೆಗೆ ಮೊಳೆ ಹೊಡೆಯಬಹುದೇ? ಹಿಂದಿನ ಮದುವೆಯವರು ಎಷ್ಟು ಹೊತ್ತಿಗೆ ಖಾಲಿ ಮಾಡುತ್ತಾರೆ? ಲಗ್ನ ಜೋರಾಗಿರುವ ತಿಂಗಳುಗಳಲ್ಲಿ ಒಂದು ಮದುವೆಯವರು ಊಟ ಮುಗಿಸಿ ಹೊರಡುತ್ತಿರುವಾಗಲೇ ಮುಂದಿನವರ ಬಾಳೆಕಂದು ಬಾಗಿಲಿಗೆ ಬಂದಿರುತ್ತದೆ. ನಮಗೆ ಸಿಕ್ಕ ಛತ್ರದಲ್ಲಿ ಹೊರಗಿನವರನ್ನು ಬಿಡುತ್ತಿದ್ದರು, ಆದರೆ ಮಧ್ಯಾಹ್ನ ಎರಡರ ಮೊದಲು ಒಳಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಹೆಚ್ಚಿನ ಕೆಲಸ ಬೇರೆ ಕಡೆ ಮುಗಿದು, ಛತ್ರದಲ್ಲಿ ಜೋಡಿಸುವುದಷ್ಟೇ ಉಳಿಯುವಂಥ ಅಲಂಕಾರವೇ ನಮಗೆ ಬೇಕಾಗಿತ್ತು.

ಅಳತೆ ಪಟ್ಟಿ ಹಿಡಿದು ವೇದಿಕೆಯನ್ನು ಅಳೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ನೆಲದಿಂದ ವೇದಿಕೆ 3 ಅಡಿ ಎತ್ತರವಿತ್ತು, ಹತ್ತಲು ಇದ್ದ ಮೆಟ್ಟಿಲುಗಳು ಕಿರಿದಾಗಿದ್ದವು, ಹಿಡಿದುಕೊಳ್ಳಲು ಕಂಬಿಯೇ ಇರಲಿಲ್ಲ. ಆರತಕ್ಷತೆಗಳಲ್ಲಿ ನಾನು ಬಹಳ ಕಾಲದಿಂದ ನೋಡುತ್ತ ಬಂದಿರುವ ದೃಶ್ಯವೆಂದರೆ, ಮೊಣಕಾಲು ನೋವಿನ ಅಜ್ಜಿಯೊಬ್ಬರು ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಇಬ್ಬರ ತೋಳು ಹಿಡಿದು ಮೆಟ್ಟಿಲು ಹತ್ತಿ, ಮೇಲೆ ಹೋದ ಮೇಲೆ ಫೋಟೊದವರ ಆತುರಕ್ಕೆ ಸಿಕ್ಕಿ, ವಧುವಿನ ತಲೆ ಸವರುವುದಕ್ಕೂ ಆಗದೆ ಮತ್ತೊಂದು ಕಡೆಯಿಂದ ಇಳಿಯುವುದು. ಗಾಲಿಕುರ್ಚಿಯಲ್ಲಿ ಬಂದವರಂತೂ ಕೆಳಗಿನಿಂದಲೇ ಕೈ ಮುಗಿದು ಊಟಕ್ಕೆ ಹೋಗುತ್ತಾರೆ. ಲಕ್ಷಾಂತರ ರೂಪಾಯಿ ಹೂವು ಹಾಕಿದ ವೇದಿಕೆಗೆ ಹರಸಲು ಬಂದವರೇ ಹತ್ತಲಾಗದಿದ್ದರೆ ಆ ಹೂವಿಗೆ ಅರ್ಥವಿಲ್ಲವೆಂಬುದು ನನ್ನ ಅಭಿಪ್ರಾಯ.

ಇಳಿಜಾರು ಹಾದಿ ಕಟ್ಟಿಸೋಣವೆಂದರೆ ಅದಕ್ಕೂ ಒಂದು ಅಳತೆಯಿದೆ. ಗಾಲಿಕುರ್ಚಿಯನ್ನು ಸುಲಭವಾಗಿ ತಳ್ಳಲು 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. 3 ಅಡಿಯ ವೇದಿಕೆಗೆ 36 ಅಡಿ ಎಂದರೆ ಸಭಾಂಗಣದ ಅರ್ಧ ಅದಕ್ಕೇ ಹೋಗುತ್ತಿತ್ತು. ಈ ಲೆಕ್ಕ ಹಾಕುತ್ತಿರುವಾಗಲೇ ಒಂದು ದಾರಿ ಹೊಳೆಯಿತು. ಸಂಜೆಯ ಸೋಫಾ ದೊಡ್ಡ ವೇದಿಕೆಯ ಮೇಲೆ ಏಕಿರಬೇಕು? ಅದರ ಮುಂದೆ, ನೆಲದ ಮೇಲೆ 1 ಅಡಿ ಎತ್ತರದ ಅಗಲವಾದ ಹಲಗೆಯ ಜಗಲಿ ಹಾಕಿ ವಧೂವರರನ್ನು ಅಲ್ಲಿ ನಿಲ್ಲಿಸಿದರೆ 12 ಅಡಿಯ ಇಳಿಜಾರಿನಲ್ಲಿ ಎಲ್ಲರೂ ಹತ್ತಬಹುದು, ಹಿಂದಿನ ದೊಡ್ಡ ವೇದಿಕೆಯ ಮೇಲೆ ಧಾರೆಯ ಮಂಟಪವನ್ನು ಮಧ್ಯಾಹ್ನವೇ ಕಟ್ಟಿ ಮುಗಿಸಬಹುದು, ರಾತ್ರಿಯಿಡೀ ಕಳಚಿ ಕಟ್ಟುವ ಕೆಲಸವೂ ತಪ್ಪುತ್ತದೆ.

ಇದಕ್ಕೆ ಮನೆಯಲ್ಲಿ ಒಂದು ಆಕ್ಷೇಪ ಬಂತು. ಧಾರೆ ಎರೆಯುವ ಮಂಟಪವು ಹಿಂದಿನ ಸಂಜೆಯೇ ಎಲ್ಲರ ಫೋಟೊಗೆ ಹಿನ್ನೆಲೆಯಾಗುವುದು, ಅದರ ಮುಂದೆ ಜನ ಚಪ್ಪಲಿ ಹಾಕಿಕೊಂಡು ಓಡಾಡುವುದು ಸರಿಯಲ್ಲವೆಂದು ದೊಡ್ಡಮ್ಮ ಹೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದ್ದರಿಂದ ಮಂಟಪಕ್ಕೂ ಜಗಲಿಗೂ ನಡುವೆ ಒಂದು ತೆರೆ ಇರಲಿ, ಆರತಕ್ಷತೆ ಮುಗಿದ ಮೇಲೆ ಅದನ್ನು ಸುರುಳಿ ಸುತ್ತಿ ತೆಗೆದರೆ ಸಾಕು ಎಂದು ತೀರ್ಮಾನಿಸಿದೆವು. ಬಟ್ಟೆಯ ತೆರೆಗಿಂತ ಬಿದಿರಿನ ತಡಿಕೆ ಚೆನ್ನಾಗಿರುತ್ತದೆಂದು ನನಗೆ ಅನ್ನಿಸಿತು. ನಾನು ಇರುವುದು ಮೈಸೂರಿನಲ್ಲಿ, ಬಂಬೂ ಬಜಾರಿನ ಮೇದರ ಅಂಗಡಿಗಳು ನನಗೆ ಹತ್ತಿರ. ಅಲ್ಲಿ ಸಣ್ಣ ಸೀಳುಗಳನ್ನು ಬಿಡಿಬಿಡಿಯಾಗಿ ಹೆಣೆದ ತಡಿಕೆಗಳನ್ನು ವೇದಿಕೆಯ ಅಗಲಕ್ಕೆ ಹೇಳಿ ಮಾಡಿಸಿದೆ. ಹಿಂದಿನಿಂದ ಹಳದಿ ಬೆಳಕು ಬಿಟ್ಟರೆ ಸೀಳುಗಳ ಸಂದಿನಿಂದ ಬೆಳಕು ಸೋಸಿ ಬರುತ್ತಿತ್ತು. ಮೇಲೆ ಹೂವಿನ ಸರಗಳನ್ನು ಇಳಿಬಿಡಲು ಬೇರೆ ಚೌಕಟ್ಟು ಬೇಕಾಗಲಿಲ್ಲ.

ಡೆಕೊರೇಶನ್‌ನವರ ಜೊತೆಗಿನ ಮಾತುಕತೆ ಅಷ್ಟು ಸುಲಭದ್ದಾಗಿರಲಿಲ್ಲ. ಮೊದಲು ಬಂದವರು ಫೋನಿನಲ್ಲಿ ತೋರಿಸಿದ ಚಿತ್ರಗಳು ಯಾವ ಊರಿನ ಮದುವೆಯವೋ ತಿಳಿಯದಷ್ಟು ಒಂದೇ ಬಗೆಯಾಗಿದ್ದವು. ದೊಡ್ಡ ವೃತ್ತಾಕಾರದ ಕಮಾನು, ಅದರ ತುಂಬ ಕೃತಕ ಗುಲಾಬಿ, ನಡುವೆ ನಿಯಾನ್ ದೀಪದ ಅಕ್ಷರ, ಪ್ರವೇಶದಲ್ಲಿ ಹೊಗೆ ಮತ್ತು ತಣ್ಣನೆಯ ಕಿಡಿಗಳ ಬಾಣ, ಬದಿಯಲ್ಲಿ ಸೆಲ್ಫಿ ಬೂತ್. ಕೃತಕ ಹೂವು ಬಾಡುವುದಿಲ್ಲ, ಒಂದು ಮದುವೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಆದ್ದರಿಂದ ವ್ಯರ್ಥವಾಗುವುದಿಲ್ಲ ಎಂಬುದು ಅವರ ವಾದ. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಲಾಜಹೋಮ ನಡೆಯುವ ಜಾಗದ ಸುತ್ತ ಸಿಂಥೆಟಿಕ್ ಬಟ್ಟೆ ಮತ್ತು ಪ್ಲಾಸ್ಟಿಕ್ ಹೂವು ತುಂಬುವುದು ಬೆಂಕಿಯ ವಿಷಯದಲ್ಲಿ ಅಪಾಯಕರ. ಥರ್ಮಾಕೋಲ್‌ನಲ್ಲಿ ಕೆತ್ತಿದ ಹೆಸರುಗಳ ಫಲಕವೂ ಅವರ ಪಟ್ಟಿಯಲ್ಲಿತ್ತು. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ ಲೋಟಗಳು, ಆಮಂತ್ರಣ ಪತ್ರಿಕೆ ಮತ್ತು ಸಿಹಿ ಡಬ್ಬಗಳಿಗೆ ಸುತ್ತುವ ತೆಳು ಪ್ಲಾಸ್ಟಿಕ್ ಇವೆಲ್ಲವೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಕರ್ನಾಟಕದಲ್ಲಂತೂ ಫ್ಲೆಕ್ಸ್, ಪ್ಲಾಸ್ಟಿಕ್ ತಟ್ಟೆ ಮೊದಲಾದವುಗಳ ಮೇಲಿನ ನಿಷೇಧ 2016ರಷ್ಟು ಹಳೆಯದು. ಹೀಗಿದ್ದರೂ ಮದುವೆಯ ಪಟ್ಟಿಗಳಲ್ಲಿ ಇವು ಇನ್ನೂ ಬರುತ್ತಿವೆ. ಬೇಡವೆಂದು ಹೇಳಬೇಕಾದವರು ಮದುವೆ ಮಾಡುವವರೇ.

ಕೊನೆಗೆ ನಾವು ಕೆಲಸ ಒಪ್ಪಿಸಿದ್ದು ದೇವಸ್ಥಾನಗಳ ಉತ್ಸವಕ್ಕೆ ಹೂವು ಕಟ್ಟುವ ಮೈಸೂರಿನ ಹಳೆಯ ಹೂವಿನವರೊಬ್ಬರಿಗೆ. ಅವರು ಚಿತ್ರ ತೋರಿಸಲಿಲ್ಲ. ಯಾವ ತಿಂಗಳು, ಯಾವ ದಿನ ಎಂದು ಕೇಳಿ, ಆ ದಿನ ಎಷ್ಟು ಲಗ್ನಗಳಿವೆಯೆಂದು ಪಂಚಾಂಗ ತೆಗೆದು ನೋಡಿದರು. ಹೂವಿನ ಬೆಲೆ ಹೂವಿನ ಮೇಲೆ ನಿಂತಿರುವುದಕ್ಕಿಂತ ಪಂಚಾಂಗದ ಮೇಲೆ ನಿಂತಿರುತ್ತದೆಂಬುದು ನನಗೆ ಆಗ ಮನವರಿಕೆಯಾಯಿತು. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಧನುರ್ಮಾಸ ಕಳೆದು ಮಾಘ ಬಂದೊಡನೆ ತಡೆದಿದ್ದ ಲಗ್ನಗಳೆಲ್ಲ ಒಟ್ಟಿಗೆ ಬರುತ್ತವೆ. ಒಳ್ಳೆಯ ಮುಹೂರ್ತವಿರುವ ದಿನ ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆಯ ಒಂದು ಮಾರು ಹಿಂದಿನ ವಾರದ ದರಕ್ಕೆ ಸಿಗುವುದಿಲ್ಲ.

ತಂಗಿಯ ಆಸೆ ಮೈಸೂರು ಮಲ್ಲಿಗೆಯಿಂದ ಇಡೀ ಹಿನ್ನೆಲೆ ಮಾಡಿಸಬೇಕೆಂಬುದಾಗಿತ್ತು. ಭೌಗೋಳಿಕ ಸೂಚ್ಯಂಕ ಪಡೆದ, ಮೈಸೂರು ಮತ್ತು ಶ್ರೀರಂಗಪಟ್ಟಣದ ಸುತ್ತಮುತ್ತ ಬೆಳೆಯುವ ಈ ಹೂವಿಗೆ ಯಾರು ಮನಸೋಲುವುದಿಲ್ಲ! ಆದರೆ ಮಲ್ಲಿಗೆ ಬಿಸಿಲಿನ ಹೂವು. ಮಾರ್ಚ್ ಕಳೆದ ಮೇಲೆ ಅದು ಕೈತುಂಬ ಬಿಡುತ್ತದೆ, ಚಳಿಯಲ್ಲಿ ಮೊಗ್ಗು ವಿರಳ, ಬೆಲೆ ವಿಪರೀತ. ಹೂವಿನವರು ತಾವಾಗಿಯೇ ಬೇಡವೆಂದರು. ಮಲ್ಲಿಗೆಯನ್ನು ವಧುವಿನ ಜಡೆಗೆ ಮತ್ತು ಹಾರಕ್ಕೆ ಇಟ್ಟುಕೊಂಡು, ತಡಿಕೆಯ ಮೇಲಿನ ಸರಗಳಿಗೆ ಬಿಳಿ ಸೇವಂತಿಗೆ, ಅಂಚಿಗೆ ಚಳಿಗಾಲದಲ್ಲೂ ಸಿಗುವ ಕಾಕಡ, ಬಾಗಿಲಿಗೆ ಚೆಂಡು ಹೂವು, ಪರಿಮಳಕ್ಕೆ ಅಲ್ಲಲ್ಲಿ ಸುಗಂಧರಾಜ ಎಂದು ಅವರೇ ಗೊತ್ತುಮಾಡಿದರು. ಆ ತಿಂಗಳಿನಲ್ಲಿ ಹೊಲದಲ್ಲಿರುವ ಹೂವನ್ನು ಆರಿಸಿಕೊಂಡರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ, ಹೂವು ತಾಜಾ ಆಗಿಯೂ ಇರುತ್ತದೆ. ವಿಮಾನದಲ್ಲಿ ಬಂದ ಆರ್ಕಿಡ್ ಎಷ್ಟೇ ಸೊಗಸಾಗಿದ್ದರೂ ಅದಕ್ಕೆ ಪರಿಮಳವಿಲ್ಲ. ಮದುವೆಮನೆಗೆ ಕಾಲಿಟ್ಟೊಡನೆ ಹೂವಿನ ವಾಸನೆ ಬರದಿದ್ದರೆ ಏನೋ ಕೊರತೆಯೆನಿಸುವುದು ನನಗೊಬ್ಬಳಿಗೇ ಇರಲಾರದು.

ಅವರ ಕೆಲಸದಲ್ಲಿ ನಾನು ಹತ್ತಿರದಿಂದ ನಿಂತು ನೋಡಿದ್ದು ಬಾಳೆದಿಂಡಿನ ಬಳಕೆಯನ್ನು. ಈಚೆಗೆ ಹೂವಿನ ಗುಚ್ಛಗಳನ್ನು ಹಸಿರು ಬಣ್ಣದ ಫೋಮ್ ಇಟ್ಟಿಗೆಗೆ ಚುಚ್ಚಿ ನಿಲ್ಲಿಸುತ್ತಾರೆ. ಅದು ನೀರು ಹೀರಿಕೊಂಡು ಹೂವನ್ನು ಕಾಪಾಡುತ್ತದೆ, ನಿಜ. ಆದರೆ ಅದು ಫೀನಾಲ್-ಫಾರ್ಮಾಲ್ಡಿಹೈಡ್‌ನಿಂದ ಮಾಡಿದ ಪ್ಲಾಸ್ಟಿಕ್. ಕೊಳೆಯುವುದಿಲ್ಲ, ಪುಡಿಯಾಗಿ ಮಣ್ಣು ನೀರು ಸೇರುತ್ತದೆ. ನಮ್ಮ ಹೂವಿನವರು ಗೊನೆ ಕಡಿದ ಬಾಳೆಯ ದಿಂಡನ್ನು ಮೊಳದುದ್ದಕ್ಕೆ ಕತ್ತರಿಸಿ, ಹೊರಗಿನ ಒಣ ಪದರವನ್ನು ಸುಲಿದು, ಬಿದಿರು ಕಡ್ಡಿಯಿಂದ ಸಾಲಾಗಿ ರಂಧ್ರ ಮಾಡಿ, ಸೇವಂತಿಗೆಯ ತೊಟ್ಟನ್ನು ಓರೆಯಾಗಿ ಕತ್ತರಿಸಿ ಒಂದೊಂದಾಗಿ ಊರುತ್ತ ಹೋದರು. ದಿಂಡಿನ ಒಳಗಿನ ನೀರೇ ಹೂವಿಗೆ ಸಾಕು, ಮೇಲೊಂದಿಷ್ಟು ಚಿಮುಕಿಸಿದರೆ ಮರುದಿನ ಮಧ್ಯಾಹ್ನದವರೆಗೆ ಬಾಡುವುದಿಲ್ಲ. ಕತ್ತರಿಸಿದ ಕಡೆ ಒಸರುವ ಬಾಳೆಯ ರಸ ಬಟ್ಟೆಗೆ ತಗುಲಿದರೆ ಕಲೆ ಹೋಗುವುದಿಲ್ಲವೆಂದು ಅವರು ದಿಂಡಿನ ಎರಡು ತುದಿಗಳಿಗೂ ಬಾಳೆಎಲೆಯನ್ನು ಮಡಿಚಿ ಕಟ್ಟಿದರು. ರೇಷ್ಮೆ ಸೀರೆಗಳು ಒರಸಿಕೊಂಡು ಹೋಗುವ ಜಾಗದಲ್ಲಿ ಈ ಎಚ್ಚರಿಕೆ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಿಲ್ಲ. ಸರಗಳನ್ನು ಪ್ಲಾಸ್ಟಿಕ್ ದಾರದ ಬದಲು ಹತ್ತಿಯ ದಾರ ಮತ್ತು ಬಾಳೆನಾರಿನಲ್ಲೇ ಕಟ್ಟಬೇಕೆಂದು ನಾನು ಮೊದಲೇ ಹೇಳಿದ್ದೆ. ಮದುವೆಯ ನಂತರ ಹೂವು, ದಿಂಡು, ದಾರ ಎಲ್ಲವನ್ನೂ ಬೇರ್ಪಡಿಸುವ ಗೋಜಿಲ್ಲದೆ ಅಪ್ಪನ ತೋಟದ ಗೊಬ್ಬರದ ಗುಂಡಿಗೆ ಹಾಕಲು ಆಯಿತು.

ಮಂಟಪಕ್ಕೆ ನಾಲ್ಕು ಮೂಲೆಯಲ್ಲಿ ಬಾಳೆಕಂದು ಮತ್ತು ಕಬ್ಬಿನ ಜಲ್ಲೆ, ಮೇಲೆ ತೆಂಗಿನ ಎಳೆಗರಿಯಿಂದ ಹೆಣೆದ ಕುಸುರಿ, ಮುಂಭಾಗದಲ್ಲಿ ಭತ್ತದ ತೆನೆಯ ತೋರಣ. ಕಾವೇರಿ ನಾಲೆಯ ಊರುಗಳಲ್ಲಿ ಇವು ಹಣ ಕೊಟ್ಟು ತರಬೇಕಾದ ವಸ್ತುಗಳಲ್ಲ. ಪಾಂಡವಪುರದ ಕಡೆಯ ನಮ್ಮ ಊರಿನ ಮನೆಯ ಮುಂದೆ ಚಪ್ಪರ ಹಾಕಿದ ದಿನವೇ, ಹೊಂಗೆ ಸೊಪ್ಪು ಮತ್ತು ಹಾಲುಗಂಬದ ಕೊಂಬೆ ತರಲು ಹೋದ ದಾಯಾದಿಗಳು ತೆನೆಯನ್ನೂ ಗರಿಯನ್ನೂ ಹೊರೆ ಕಟ್ಟಿ ತಂದಿದ್ದರು.

ಈಗಿನ ರೂಢಿಗಳ ವಿಷಯದಲ್ಲಿ ನಾವು ಎಲ್ಲವನ್ನೂ ಬೇಡವೆನ್ನಲಿಲ್ಲ. ಎಲ್‌ಇಡಿ ಪರದೆಯನ್ನು ತರಿಸಿದೆವು, ಆದರೆ ಮದುವೆಗೆ ಮೊದಲಿನ ಚಿತ್ರೀಕರಣ ತೋರಿಸುವುದಕ್ಕಲ್ಲ. ಜಗಲಿ ತಗ್ಗಿನಲ್ಲಿದ್ದುದರಿಂದ ಹಿಂದಿನ ಸಾಲಿನವರಿಗೆ ವಧೂವರರು ಕಾಣಲೆಂದು ಒಂದು ಪರದೆ ಸಭಾಂಗಣದ ನಡುವೆ, ಚಿಕ್ಕದೊಂದು ಊಟದ ಮನೆಯ ಬಾಗಿಲಲ್ಲಿ. ಬೆಳಿಗ್ಗೆ ಧಾರೆ ಎರೆಯುವ ಹೊತ್ತು ಸುತ್ತ ನಿಂತ ಕ್ಯಾಮೆರಾದವರ ಬೆನ್ನನ್ನೇ ನೋಡುವ ಪಾಡು ಇದರಿಂದ ತಪ್ಪಿತು. ಹೊಗೆ ಮತ್ತು ಕಿಡಿಯ ಪ್ರವೇಶವನ್ನು ಬಿಟ್ಟು ವಾಲಗದೊಂದಿಗೆ ನಡೆದು ಬರುವುದೆಂದಾಯಿತು. ಡಿಜೆ ಬೇಕೆಂದು ವರನ ಗೆಳೆಯರು ಕೇಳಿದರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲವೆಂಬ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮವನ್ನು ತಿಳಿಸಿ, ಒಂಬತ್ತೂವರೆಗೆ ನಿಲ್ಲಿಸುವ ಮಾತು ಪಡೆದುಕೊಂಡು ಒಪ್ಪಿದೆವು, ಅವರೂ ಮಾತು ಉಳಿಸಿಕೊಂಡರು.

ಮದುವೆಗೆ ಬಂದವರು ಹಣವಾಗಿ ಕೊಡುವ ಮುಯ್ಯಿಯ ವಿಷಯ ಮಾತ್ರ ಮನೆಯಲ್ಲಿ ಬಹಳ ಚರ್ಚೆಗೆ ಬಂತು. ಲಗ್ನಪತ್ರಿಕೆಯ ಕೊನೆಯಲ್ಲಿ ‘ತಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವುದು ಈಗ ಸಾಮಾನ್ಯ. ತಂಗಿಗೂ ಅದೇ ಇಷ್ಟವಿತ್ತು. ಅಪ್ಪ ಒಪ್ಪಲಿಲ್ಲ. ಅವರ ಮಾತು ನನಗೆ ಹೊಸ ಹೊಳಹನ್ನು ಕೊಟ್ಟಿತು: ಮುಯ್ಯಿ ಉಡುಗೊರೆಯಲ್ಲ, ಅದು ಊರಿನೊಳಗಿನ ಕೊಟ್ಟು ತೆಗೆದುಕೊಳ್ಳುವ ಸಾಲ. ಇಷ್ಟು ವರ್ಷ ಯಾರ ಯಾರ ಮದುವೆಗೆ ನಾವು ಎಷ್ಟು ಹಾಕಿದ್ದೇವೆಯೋ ಅದು ಅವರ ಪುಸ್ತಕದಲ್ಲಿದೆ. ಈಗ ಬೇಡವೆಂದರೆ ತೀರಿಸಲು ಬಂದವನನ್ನು ಸಾಲಗಾರನಾಗಿಯೇ ಹಿಂದಕ್ಕೆ ಕಳುಹಿಸಿದ ಹಾಗಾಗುತ್ತದೆ, ಬಡವನಿಗೆ ಅದು ಅವಮಾನ ಎಂದು ಅವರು ಹೇಳಿದರು. ಹಾಗಾಗಿ ಆ ಸಾಲನ್ನು ಅಚ್ಚು ಹಾಕಿಸಲಿಲ್ಲ. ಬಾಗಿಲ ಬಳಿ ಮೇಜು ಹಾಕಿ, ಚಿಕ್ಕಪ್ಪ ನೂರು ಪುಟದ ಪುಸ್ತಕದಲ್ಲಿ ಹೆಸರು, ಊರು, ಮೊತ್ತ ಬರೆದುಕೊಂಡರು. ಫೋನಿನಲ್ಲಿ ಹಣ ಹಾಕುವ ಕ್ಯೂಆರ್ ಕೋಡ್ ಫಲಕವನ್ನು ವೇದಿಕೆಯ ಪಕ್ಕ ಇಡುವ ರೂಢಿ ಕೆಲವು ಕಡೆ ಬಂದಿದೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಕೇಳಿದವರಿಗೆ ತೋರಿಸಲೆಂದು ಚಿಕ್ಕಪ್ಪನ ಮೇಜಿನೊಳಗೆ ಒಂದನ್ನು ಇಟ್ಟಿದ್ದೆವು, ಹಾಗೆ ಬಂದದ್ದನ್ನೂ ಪುಸ್ತಕದಲ್ಲೇ ಬರೆದೆವು.

ಇನ್ನು ತಾಂಬೂಲ. ನೆನಪಿನ ಕಾಣಿಕೆಯಾಗಿ ಏನು ಕೊಡಬೇಕೆಂದು ಕೇಳಿದರೆ ಇಂದು ಹತ್ತಾರು ಬಗೆ ಸಿಗುತ್ತವೆ. ಸ್ಟೀಲ್ ಡಬ್ಬಿ, ಗಣಪತಿಯ ಪುಟ್ಟ ಮೂರ್ತಿ, ಪರಿಮಳದ ಮೇಣದ ಬತ್ತಿ, ವಧೂವರರ ಚಿತ್ರವಿರುವ ಲೋಟ, ಸಸಿ, ಬೀಜದ ಉಂಡೆ. ಸಸಿ ಕೊಡೋಣವೆಂದು ನನಗೂ ಮನಸ್ಸಿತ್ತು. ಆದರೆ ಮಾಘದಲ್ಲಿ ಕೊಟ್ಟ ಸಸಿಗೆ ಎದುರಿಗಿರುವುದು ಶಿವರಾತ್ರಿ ಮತ್ತು ಕಡುಬೇಸಿಗೆ. ಮಳೆಗಾಲದ ಮೊದಲು ನಾಲ್ಕು ತಿಂಗಳು ನೀರು ಹಾಕಿ ಉಳಿಸಿಕೊಳ್ಳುವವರು ಎಷ್ಟು ಜನ? ಬಾಡಿಗೆ ಬಸ್ಸಿನಲ್ಲಿ ಬಂದವರು ಮಣ್ಣಿನ ಕುಂಡ ಹಿಡಿದು ಹೋಗುವುದೂ ಕಷ್ಟ. ಮದುವೆಮನೆಯ ಕುರ್ಚಿಗಳ ಕೆಳಗೆ ಬಿಟ್ಟುಹೋದ ಸಸಿಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ, ಅದಕ್ಕಿಂತ ಕೊಡದಿರುವುದೇ ಮೇಲು.

ನಾವು ಕೊಟ್ಟದ್ದು ಹಳೆಯ ಫಲತಾಂಬೂಲವನ್ನೇ, ಅದಕ್ಕೆ ಮಂಡ್ಯದ ಅಚ್ಚು ಬೆಲ್ಲ ಸೇರಿಸಿ. ಜುಟ್ಟು ಉಳಿಸಿ ಸುಲಿದ ತೆಂಗಿನಕಾಯಿ ನಮ್ಮ ತೋಟದ್ದು. ವೀಳ್ಯದೆಲೆ ಮೈಸೂರಿನದು, ನಾಲಿಗೆಗೆ ಖಾರವೆನಿಸದ ಮೃದುವಾದ ಚಿಗುರೆಲೆ. ನಂಜನಗೂಡು ರಸಬಾಳೆ ಕೊಡಬೇಕೆಂದಿದ್ದ ಅಮ್ಮನ ಆಸೆಯನ್ನು ಬೆಳೆಯೇ ಅಪರೂಪವಾಗಿರುವುದರಿಂದ ಬಿಟ್ಟು, ಏಲಕ್ಕಿ ಬಾಳೆಗೆ ತೃಪ್ತಿಪಟ್ಟೆವು. ಬೆಲ್ಲಕ್ಕಾಗಿ ಊರ ಹತ್ತಿರದ ಆಲೆಮನೆಗೆ ನಾನೇ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕೊಳೆ ತೆಗೆಯಲು ಅಲ್ಲಿ ಬೆಂಡೆ ಗಿಡವನ್ನು ಜಜ್ಜಿ ನೀರಿನಲ್ಲಿ ಕಿವುಚಿದ ಲೋಳೆಯನ್ನು ಹಾಕುತ್ತಿದ್ದರು. ಲೋಳೆ ಬಿದ್ದ ಸ್ವಲ್ಪ ಹೊತ್ತಿಗೆ ಕಪ್ಪು ಮಡ್ಡಿ ಮೇಲಕ್ಕೆದ್ದು ಅಂಚಿಗೆ ಸರಿಯುತ್ತದೆ, ಅದನ್ನು ಜಾಲರಿಯಿಂದ ತೆಗೆಯುತ್ತಾರೆ. ಹಳದಿಯಾಗಿ ಹೊಳೆಯುವ ಬೆಲ್ಲ ಬೇಕೆಂದರೆ ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸುತ್ತಾರೆ. ನಮಗೆ ಅದು ಬೇಡವೆಂದು ಹೇಳಿ, ಕಂದು ಬಣ್ಣದ ಸಣ್ಣ ಅಚ್ಚುಗಳನ್ನೇ ಹಾಕಿಸಿದೆವು. ಕಂದು ಬೆಲ್ಲವನ್ನು ಹಳೆಯ ಬೆಲ್ಲವೆಂದು ಪೇಟೆಯವರು ತಿಳಿಯುವುದುಂಟು. ಹಾಗಾಗಿ ಎಣ್ಣೆ ಕಾಗದದಲ್ಲಿ ಸುತ್ತಿ, ‘ರಾಸಾಯನಿಕ ಬೆರೆಸದ ಹೊಸ ಬೆಲ್ಲ’ ಎಂದು ಒಂದು ಚೀಟಿ ಅಂಟಿಸಿದೆವು. ಮಾಘದ ಒಣ ಹವೆಯಲ್ಲಿ ಬೆಲ್ಲ ನೀರೊಡೆಯುವ ಭಯವೂ ಇರಲಿಲ್ಲ.

ಚೀಲದ ಬಗ್ಗೆ ನಾನು ಹಟ ಹಿಡಿದೆ. ವಧೂವರರ ಹೆಸರು, ಚಿತ್ರ, ತಾರೀಖನ್ನು ದೊಡ್ಡದಾಗಿ ಅಚ್ಚು ಹಾಕಿದ ಚೀಲವನ್ನು ಯಾರೂ ಸಂತೆಗೆ ಹಿಡಿದು ಹೋಗುವುದಿಲ್ಲ, ಅದು ಮನೆಯಲ್ಲಿ ಇನ್ನಷ್ಟು ಚೀಲಗಳನ್ನು ತುಂಬಿಡುವ ಚೀಲವಾಗುತ್ತದೆ. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ದಪ್ಪ ಹತ್ತಿ ಬಟ್ಟೆಯಲ್ಲಿ, ಭುಜಕ್ಕೆ ಹಾಕಿಕೊಳ್ಳುವಷ್ಟು ಉದ್ದ ಹಿಡಿಯಿಟ್ಟು, ಎರಡು ಕಿಲೊ ತರಕಾರಿ ಹಿಡಿಯುವ ಅಳತೆಗೆ ಹೊಲಿದುಕೊಟ್ಟರು. ಮದುವೆಯ ವಿವರವನ್ನು ಒಳಗಿನ ಹೊಲಿಗೆಯಲ್ಲಿ ಒಂದು ಪುಟ್ಟ ಪಟ್ಟಿಗೆ ಮಾತ್ರ ಸೀಮಿತಗೊಳಿಸಿದೆವು. ಕೆಳಭಾಗಕ್ಕೆ ಎರಡು ಹೊಲಿಗೆ ಬೇಕೆಂದು ಅವರೇ ಸೂಚಿಸಿದರು. ತೆಂಗಿನಕಾಯಿಯ ಭಾರಕ್ಕೆ ಒಂಟಿ ಹೊಲಿಗೆ ಬಿಚ್ಚಿಕೊಳ್ಳುತ್ತದಂತೆ. ಎಷ್ಟು ಚೀಲ ಬೇಕೆಂಬ ಲೆಕ್ಕವನ್ನು ತಲೆಯ ಮೇಲೆ ಹಾಕದೆ ಮನೆಯ ಮೇಲೆ ಹಾಕಬೇಕು, ಸಂಜೆಗೆ ಮತ್ತು ಬೆಳಿಗ್ಗೆಗೆ ಬೇರೆ ಬೇರೆ ಇಡಬೇಕು. ಇಲ್ಲದಿದ್ದರೆ ಸಂಜೆಯೇ ಎಲ್ಲ ಖಾಲಿಯಾಗಿ, ದೂರದ ಊರುಗಳಿಂದ ಧಾರೆಗೆ ಬಂದವರು ಬರಿಗೈಯಲ್ಲಿ ಹೋಗಬೇಕಾಗುತ್ತದೆ.

ಹತ್ತಿರದ ಬಂಧುಗಳಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಕುಂಕುಮ ಭರಣಿ, ಮಕ್ಕಳಿಗೆ ಅಲ್ಲಿಯದೇ ಬುಗುರಿ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುತ್ತ ಹತ್ತು ಮನೆ ಸುತ್ತುವ ತೆಳು ರವಿಕೆ ಕಣಗಳನ್ನು ಕೈಬಿಟ್ಟೆವು.

ಸಭಾಂಗಣದ ಒಂದು ಬದಿಗೆ ಬಳೆಗಾರರನ್ನು ಕೂರಿಸಿದ್ದೆವು. ಬಳೆ ಶಾಸ್ತ್ರ ನಮ್ಮಲ್ಲಿ ಹಳೆಯದು, ಆರತಕ್ಷತೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಬಳೆ ತೊಡಿಸುವುದು ಈಚಿನದು, ನನಗೆ ಬಹಳ ಇಷ್ಟವಾದದ್ದು. ಇದರಲ್ಲಿ ನಾವು ಒಂದು ವಿಷಯವನ್ನು ಮೊದಲೇ ಮಾತಾಡಿಕೊಂಡಿದ್ದೆವು. ಗಂಡನನ್ನು ಕಳೆದುಕೊಂಡ ಹೆಂಗಸರು ಇಂಥ ಕಡೆ ತಾವಾಗಿಯೇ ಹಿಂದೆ ಸರಿಯುತ್ತಾರೆ, ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಅವರನ್ನು ದಾಟಿ ಮುಂದಿನವರಿಗೆ ಹೋಗುತ್ತಾರೆ. ನನ್ನ ಸೋದರತ್ತೆ ಚಿಕ್ಕ ವಯಸ್ಸಿನಿಂದ ಇದನ್ನು ಸಹಿಸಿಕೊಂಡು ಬಂದವರು, ತಂಗಿಯನ್ನು ಎತ್ತಿ ಆಡಿಸಿದವರು. ತಟ್ಟೆ ಹಿಡಿಯುವ ಹುಡುಗಿಯರಿಗೆ, ಬಳೆಗಾರರಿಗೆ, ತಾಂಬೂಲ ಕೊಡುವವರಿಗೆ ಒಂದೇ ಸೂಚನೆ ಕೊಟ್ಟೆವು: ಎದುರಿಗೆ ಬಂದ ಪ್ರತಿಯೊಬ್ಬ ಹೆಂಗಸಿಗೂ ತಟ್ಟೆ ಒಡ್ಡಬೇಕು, ತೆಗೆದುಕೊಳ್ಳುವುದು ಬಿಡುವುದು ಅವರ ಇಷ್ಟ, ಯಾರನ್ನೂ ಏನೂ ಕೇಳಬಾರದು. ಅತ್ತೆ ಕುಂಕುಮ ತೆಗೆದುಕೊಳ್ಳಲಿಲ್ಲ. ಆದರೆ ಹೂವು ಮುಡಿದರು, ಎರಡೂ ಕೈಗೆ ಹಸಿರು ಬಳೆ ತೊಡಿಸಿಕೊಂಡರು. ಅವರನ್ನು ನೋಡಿ ಇನ್ನೂ ಕೆಲವರು ಬಂದು ಕುಳಿತರು.

ಸಂಜೆ ಜನ ಬರತೊಡಗಿದಾಗ ಇಳಿಜಾರಿನ ಹಾದಿ ಬಲು ಉಪಯೋಗಕ್ಕೆ ಬಂತು. ಸಾಲು ನಿಲ್ಲುವ ಕಡೆ ಉದ್ದಕ್ಕೂ ಕುರ್ಚಿ ಹಾಕಿಸಿದ್ದರಿಂದ ಹಿರಿಯರು ಕುಳಿತು ಕುಳಿತೇ ಮುಂದೆ ಸರಿದರು, ನಮ್ಮ ಕಡೆಯ ಹುಡುಗರು ಅವರನ್ನು ನೋಡಿಕೊಂಡರು. ಗಾಲಿಕುರ್ಚಿಯಲ್ಲಿ ಬಂದ ವರನ ಕಡೆಯ ತಾತ ನೇರವಾಗಿ ವಧೂವರರ ಎದುರಿಗೆ ಹೋಗಿ ಇಬ್ಬರ ಕೈಯನ್ನೂ ಹಿಡಿದು ಮಾತಾಡಿಸ್ತಾ ಕುಳಿತುಬಿಟ್ಟರು, ಸಾಲು ಸ್ವಲ್ಪ ಹೊತ್ತು ನಿಂತರೂ ಯಾರೂ ಬೇಸರಿಸಲಿಲ್ಲ. ದೀಪಗಳೆಲ್ಲ ಎಲ್‌ಇಡಿಯವಾಗಿದ್ದುದರಿಂದ ಹಳೆಯ ಹ್ಯಾಲೊಜನ್ ದೀಪಗಳ ಬಿಸಿಗೆ ಬಾಡುವ ಹಾಗೆ ಹೂವು ಬಾಡಲಿಲ್ಲ. ಹತ್ತೂವರೆಗೆ ಸೋಫಾ ತೆಗೆಸಿ, ತಡಿಕೆಗಳನ್ನು ಸುತ್ತಿ, ಜಗಲಿಯನ್ನು ಒರಸಿ ರಂಗೋಲಿ ಹಾಕಿದರೆ ರಾತ್ರಿಯ ಕೆಲಸ ಮುಗಿಯಿತು. ಬೆಳಿಗ್ಗೆ ಅದೇ ಜಗಲಿ ಅಕ್ಷತೆ ಹಾಕಲು ಬಂದವರಿಗೆ ನಿಲ್ಲುವ ಜಾಗವಾಯಿತು. ಸೇವಂತಿಗೆ ಸರಗಳನ್ನು ಹೂವಿನವರು ತಡಿಕೆಯಿಂದ ಬಿಚ್ಚಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದು, ನಸುಕಿನಲ್ಲಿ ಮಂಟಪದ ಕಬ್ಬಿಗೆ ಇಳಿಬಿಟ್ಟರು. ಮಾರನೆಯ ದಿನದ ಬೀಗರೂಟಕ್ಕೆ ಊರಿನ ಚಪ್ಪರದ ಕೆಳಗೆ ಬೇರೆ ಅಲಂಕಾರವೇನೂ ಬೇಕಾಗಲಿಲ್ಲ.

ಈಗ ಚಿಕ್ಕಪ್ಪನ ಮಗಳ ಮದುವೆ ವೈಶಾಖಕ್ಕೆ ಮೈಸೂರಿನಲ್ಲಿ ಗೊತ್ತಾಗಿದೆ. ತಡಿಕೆಗಳು ನಮ್ಮ ಅಟ್ಟದ ಮೇಲಿವೆ, ಅವನ್ನೇ ಬಳಸುತ್ತೇವೆ. ಹೂವಿನ ಪಟ್ಟಿ ಮಾತ್ರ ಪೂರ್ತಿ ಬದಲಾಗಬೇಕು. ಆಗ ಮಲ್ಲಿಗೆಯ ಕಾಲ, ತಂಗಿಗೆ ಸಿಗದ ಹಿನ್ನೆಲೆಯನ್ನು ಇವಳಿಗೆ ಕಟ್ಟಿಸಬಹುದು. ಸೆಕೆಗೆ ಸೇವಂತಿಗೆ ಬೇಗ ಸೊರಗುವುದರಿಂದ ಅದನ್ನು ಬಾಗಿಲಿಗಷ್ಟೇ ಇಟ್ಟುಕೊಳ್ಳುವುದು ಒಳ್ಳೆಯದು. ಮುಂಗಾರು ಹತ್ತಿರವಿರುವುದರಿಂದ ಸಸಿಯ ಮೇಜನ್ನೂ ಹಾಕಿಸೋಣವೆಂದು ಹೇಳಿದ್ದೇನೆ: ಕರಿಬೇವು, ನುಗ್ಗೆ, ನಿಂಬೆ ಮಾತ್ರ, ಅದೂ ಕೇಳಿ ತೆಗೆದುಕೊಳ್ಳುವವರಿಗೆ ಮಾತ್ರ.